ನಿಂತು ಹುಟ್ಟು ಹಾಕುವವರ ಪಂದ್ಯ

ಶಾಂಭವಿ, ನಂದಿನಿ ನದಿಗಳೆರಡೂ ಕೂಡಿ ಕಡಲಿಗಿಳಿಯುವ ಸಸಿಹಿತ್ಲಿನ ತೀರದಲ್ಲಿ, 2024ರ ಮಾರ್ಚ್ ತಿಂಗಳಲ್ಲಿ, ದೇಶವಿದೇಶಗಳ ತರುಣರು ನೀಳವಾದ ಹಲಗೆಗಳ ಮೇಲೆ ನೆಟ್ಟಗೆ ನಿಂತು, ಒಂದೊಂದೇ ಹುಟ್ಟಿನಿಂದ ನೀರನ್ನು ಸೀಳುತ್ತ ಸ್ಪರ್ಧಿಸಿದರು. ಸ್ಟ್ಯಾಂಡ್-ಅಪ್ ಪ್ಯಾಡಲಿಂಗ್ ಎಂಬ ಈ ಕ್ರೀಡೆ ಈಗಿನ ರೂಪವನ್ನು ಪಡೆದದ್ದು ಹವಾಯಿ ದ್ವೀಪಗಳಲ್ಲಿ. ಮೊಲೊಕಾಯಿಯಿಂದ ಓವಾಹುವಿನವರೆಗೆ ಸುಮಾರು 51 ಕಿಲೋಮೀಟರ್ ತೆರೆಗಡಲನ್ನು ದಾಟುವ ಪಂದ್ಯವೂ ಅಲ್ಲಿ ಉಂಟು. ಹೊಸಬನಿಗೆ ಅಲೆಯಿಲ್ಲದ ಹಿನ್ನೀರೇ ಸಾಕು.

ಹಲಗೆಯ ಆಯ್ಕೆಯಲ್ಲಿಯೇ ಬಹುಮಂದಿ ಆತುರಪಡುತ್ತಾರೆ. ಪಂದ್ಯದ ಹಲಗೆ ಸಾಮಾನ್ಯವಾಗಿ 14 ಅಡಿ ಉದ್ದ. ನುರಿತವರದು 21ರಿಂದ 24 ಅಂಗುಲದಷ್ಟೇ ಅಗಲ. ಅಗಲ ಕುಗ್ಗಿದಷ್ಟೂ ವೇಗ ಹೆಚ್ಚುವುದೆಂಬುದು ದಿಟವಾದರೂ, ಅಂಥ ಹಲಗೆಯನ್ನು ಮೊದಲ ದಿನವೇ ಏರಿದವನು ಹುಟ್ಟು ಹಾಕುವುದಕ್ಕಿಂತ ನೀರಿನಿಂದ ಮೇಲೇಳುವುದರಲ್ಲಿಯೇ ಹೊತ್ತು ಕಳೆಯುವನು. 30 ಅಂಗುಲಕ್ಕೆ ಕಡಿಮೆಯಿಲ್ಲದ್ದನ್ನು ಬಾಡಿಗೆಗೆ ಪಡೆಯುವುದು ಲೇಸು. ಕೊಳ್ಳುವ ಮಾತು ಆಮೇಲೆ.

ಹುಟ್ಟಿನ ವಿಷಯದಲ್ಲೊಂದು ವಿನೋದವಿದೆ. ಅದರ ಅಲಗು ದಂಡದಿಂದ ತುಸು ಬಾಗಿರುತ್ತದೆ. ಸೌಟಿನಿಂದ ಸಾರನ್ನು ಮೊಗೆದು ರೂಢಿಯಾದ ನಾವು ಆ ಬಾಗನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿಯುತ್ತೇವೆ. ಬಾಗು ಇರಬೇಕಾದದ್ದು ಹಲಗೆಯ ಮೂತಿಯ ಕಡೆಗೆ. ಮುಂದಕ್ಕೆ ಚಾಚಿ, ಅಲಗನ್ನು ಪೂರ್ಣವಾಗಿ ಮುಳುಗಿಸಿ, ತೋಳಿನಿಂದಲ್ಲದೆ ಸೊಂಟವನ್ನು ತಿರುಗಿಸುವ ಬಲದಿಂದ ಎಳೆದು, ಪಾದದ ಬಳಿ ಬಂದೊಡನೆ ಮೇಲೆತ್ತಬೇಕು. ಅಲ್ಲಿಂದಾಚೆಗೆ ಎಳೆದರೆ ಅಲಗು ನೀರನ್ನು ಮೇಲಕ್ಕೆತ್ತುವುದೇ ಹೊರತು ಹಲಗೆಯನ್ನು ಮುಂದೊಯ್ಯದು.

ಪಂದ್ಯದಲ್ಲಿ ಸೋಲುಗೆಲುವುಗಳು ಅನೇಕವೇಳೆ ನಿರ್ಧಾರವಾಗುವುದು ತೇಲುಬುರುಡೆಯನ್ನು ಸುತ್ತಿ ಹಿಂದಿರುಗುವ ತಿರುವಿನಲ್ಲಿ. ಬಲ್ಲವನು ಅಲ್ಲಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾನೆ; ಹಲಗೆಯ ಬಾಲ ಮುಳುಗಿ, ಮೂತಿ ಗಾಳಿಗೆದ್ದು, ಎರಡು ಮೂರು ಎಳೆತಗಳಲ್ಲಿ ಅದು ಬುಗುರಿಯಂತೆ ತಿರುಗಿಬಿಡುತ್ತದೆ. ನೋಡುವುದಕ್ಕೆ ಸೊಗಸು, ಕಲಿಯುವವನಿಗೆ ಮಾತ್ರ ಹತ್ತಾರು ಮುಳುಗುಸ್ನಾನ! ನೇರದ ಹಾದಿಯಲ್ಲಿ ಮುಂದಿನವನ ಹಲಗೆ ಬಿಟ್ಟುಹೋದ ಅಲೆಯ ಮೇಲೆಯೇ ಸಾಗಿ ಶಕ್ತಿಯನ್ನು ಉಳಿಸುವ ಜಾಣ್ಮೆಯೂ ಉಂಟು.

ಬೀಳುವಾಗ ಹಲಗೆಯಿಂದ ದೂರಕ್ಕೆ ಬೀಳಬೇಕು. ಹಲಗೆಗೂ ಮೈಗೂ ಒಂದು ಹಗ್ಗ, ಮೇಲೊಂದು ಜೀವರಕ್ಷಕ ಕವಚ, ಇವು ಈಜು ಬಲ್ಲವನಿಗೂ ತಪ್ಪವು. ಹರಿಯುವ ನದಿಯಲ್ಲಾದರೋ ಆ ಹಗ್ಗ ಕಾಲಿಗಲ್ಲ, ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುವಂತೆ ಸೊಂಟಕ್ಕಿರಬೇಕು. ಬೇರಿಗೋ ಕೊಂಬೆಗೋ ಸಿಕ್ಕಿದರೆ ಕಾಲಿನ ಹಗ್ಗವನ್ನು ಪ್ರವಾಹದಲ್ಲಿ ಬಗ್ಗಿ ಬಿಚ್ಚಲಾಗದು. ಕರಾವಳಿಯಲ್ಲಿ ಕಡಲಗಾಳಿ ಏಳುವ ಮೊದಲಿನ ಬೆಳಗೇ ಅಭ್ಯಾಸಕ್ಕೆ ಪ್ರಶಸ್ತ. ಮುಂಗಾರಿನಲ್ಲಿ ನದಿಗಳು ಕೆಂಪಾಗಿ ಉಕ್ಕುವಾಗ ಮಾತ್ರ ಹಲಗೆಯನ್ನು ಮನೆಯ ಗೋಡೆಗೆ ಒರಗಿಸಿಡಿ.