ಗುಣವಾಗದ ನಾಯಕರು

ಅಮೆರಿಕದ ಸೂಸನ್ ಕೂಲಿಜ್ 1872ರಲ್ಲಿ ಬರೆದ ‘ವಾಟ್ ಕೇಟಿ ಡಿಡ್’ ಕಾದಂಬರಿಯ ತುಂಟ ಹುಡುಗಿ ಉಯ್ಯಾಲೆಯಿಂದ ಬಿದ್ದು ವರ್ಷಗಟ್ಟಲೆ ಹಾಸಿಗೆ ಹಿಡಿಯುತ್ತಾಳೆ. ತಾಳ್ಮೆ ಕಲಿತ ಮೇಲೆ ಎದ್ದು ನಡೆಯುತ್ತಾಳೆ. ಯೋಹಾನ್ನಾ ಸ್ಪೀರಿಯ ‘ಹೈಡಿ’ಯಲ್ಲಿ ಗಾಲಿಕುರ್ಚಿಯ ಕ್ಲಾರಾಗೆ ಆಲ್ಪ್ಸ್ ಬೆಟ್ಟದ ಗಾಳಿಯಲ್ಲಿ ಕಾಲು ಬರುತ್ತದೆ. 1911ರ ‘ದಿ ಸೀಕ್ರೆಟ್ ಗಾರ್ಡನ್’ನ ಕಾಲಿನ್‌ಗೂ ಅದೇ ಭಾಗ್ಯ. ಊನವನ್ನು ಕೊನೆಯವರೆಗೂ ಹೊತ್ತವರು ‘ಟ್ರೆಷರ್ ಐಲ್ಯಾಂಡ್’ನ ಒಂಟಿಕಾಲಿನ ಸಿಲ್ವರ್‌ನಂಥ ಕಡಲ್ಗಳ್ಳರು. ಎಂದೂ ಗುಣವಾಗದ ಮಗು ಈ ಪುಸ್ತಕಗಳನ್ನು ಓದಿದರೆ, ತಪ್ಪು ತನ್ನ ಗುಣದಲ್ಲೇ ಇದೆಯೆಂದು ತಿಳಿಯುವಂತಿತ್ತು. ಇದು ಸಣ್ಣ ಅನ್ಯಾಯವಲ್ಲ.

ಈ ಜಾಡು ಬಿಟ್ಟು ನಡೆದವರಲ್ಲಿ ಬ್ರಿಟನ್ನಿನ ರೋಸ್‌ಮೆರಿ ಸಟ್‌ಕ್ಲಿಫ್ ಮುಖ್ಯರು. ಬಾಲ್ಯದಲ್ಲೇ ಕೀಲುವಾತಕ್ಕೆ ತುತ್ತಾದ ಅವರು ಬದುಕಿನ ಬಹುಭಾಗವನ್ನು ಗಾಲಿಕುರ್ಚಿಯಲ್ಲಿ ಕಳೆದರು. ಅವರ ‘ವಾರಿಯರ್ ಸ್ಕಾರ್ಲೆಟ್’ (1958) ಕಂಚಿನ ಯುಗದ ಕಥೆ. ಬಲಗೈ ಸ್ವಾಧೀನವಿಲ್ಲದ ಡ್ರೆಮ್ ತೋಳವನ್ನು ಕೊಂದರಷ್ಟೇ ಯೋಧ. ಮೊದಲ ಸಲ ಸೋತು, ಬಳಿಕ ಗೆಲ್ಲುತ್ತಾನೆ; ಕೈ ಮಾತ್ರ ಹಾಗೆಯೇ ಉಳಿಯುತ್ತದೆ.

1975ರ ಕಾನೂನೊಂದು ಅಮೆರಿಕದ ಸರ್ಕಾರಿ ಶಾಲೆಗಳ ಬಾಗಿಲನ್ನು ಅಂಗವಿಕಲ ಮಕ್ಕಳಿಗೆ ತೆರೆಯಿತು. ಕಥೆಗಳಿಗೂ ತರಗತಿ, ಗೆಳೆತನ, ಜಗಳ ಬಂದವು. ರಾಡ್‌ಮನ್ ಫಿಲ್‌ಬ್ರಿಕ್ಕರ ‘ಫ್ರೀಕ್ ದಿ ಮೈಟಿ’ಯಲ್ಲಿ (1993) ದಡ್ಡನೆನಿಸಿಕೊಂಡ ದೈತ್ಯ ದೇಹದ ಮ್ಯಾಕ್ಸ್, ಬೆಳವಣಿಗೆ ನಿಂತ ಜಾಣ ಕೆವಿನ್‌ನನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಾನೆ. ಆದರೂ ಕೆವಿನ್ ಸಾಯುತ್ತಾನೆ. ಗುಣವಾಗದವನಿಗೆ ಸಾವೇ ಎಂಬ ಇನ್ನೊಂದು ಹಳೆಯ ಪಾಠ ಅಲ್ಲಿ ಇನ್ನೂ ಸಡಿಲಗೊಂಡಿರಲಿಲ್ಲ.

ಅದನ್ನು ಸಡಿಲಿಸಿದ ಕೃತಿ ಹ್ಯಾರಿಯೆಟ್ ಮೆಕ್‌ಬ್ರೈಡ್ ಜಾನ್ಸನ್ನರ ‘ಆಕ್ಸಿಡೆಂಟ್ಸ್ ಆಫ್ ನೇಚರ್’ (2006). ಲೇಖಕಿ ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ವಕೀಲೆ, ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ. ಕಥೆ ನಡೆಯುವುದು 1970ರಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಹದಿನೇಳರ ಜೀನ್ ಇತರರಂತೆ ಆಗುವುದನ್ನೇ ಗುರಿಯಾಗಿಸಿಕೊಂಡು ಬೆಳೆದವಳು. ಬೇಸಿಗೆ ಶಿಬಿರದಲ್ಲಿ ಚೂಪು ನಾಲಿಗೆಯ ಸಾರಾ ಸಿಗುತ್ತಾಳೆ, ಅವಳೂ ಜೀನ್‌ಳಂತೆ ಗಾಲಿಕುರ್ಚಿಯವಳೇ. ಕರುಣೆ ತೋರುವವರ ಬಗ್ಗೆ ಪ್ರಶ್ನೆ ಹಾಕುವುದನ್ನು ಜೀನ್ ಇವಳಿಂದ ಕಲಿಯುತ್ತಾಳೆ. ಇಲ್ಲಿ ಗೆಳತಿ ಆಸರೆಯಲ್ಲ, ಸಮಾನಳು. ಈ ಸಾಹಿತ್ಯದ ನಿಜವಾದ ತಿರುವು ಇದೇ: ಒಬ್ಬಳ ಜಾಗದಲ್ಲಿ ಇಬ್ಬರಾದಾಗ ಪವಾಡದ ಅಗತ್ಯವೇ ಬೀಳುವುದಿಲ್ಲ.

ಅಮೆರಿಕದ ಗ್ರಂಥಾಲಯ ಸಂಘ 2004ರಿಂದ ಇಂಥ ಪುಸ್ತಕಗಳಿಗೆ ಷ್ನೈಡರ್ ಪ್ರಶಸ್ತಿ ಕೊಡುತ್ತಿದೆ. 2018ರ ‘ಅನ್‌ಬ್ರೋಕನ್’ ಸಂಕಲನದ 13 ಕಥೆಗಳಲ್ಲೂ ಅಂಗವಿಕಲ ಹದಿಹರೆಯದವರೇ ನಾಯಕರು.

ಬೆಂಗಳೂರಿನ ಶಾಲೆಯೊಂದರಲ್ಲಿ ನಡೆಯುವ ಝೈನಬ್ ಸುಲೈಮಾನರ ಇಂಗ್ಲಿಷ್ ಕಾದಂಬರಿ ‘ಸಿಂಪ್ಲಿ ನಂಜು’ ಇನ್ನೂ ಚಿಕ್ಕ ಓದುಗರದು. ನಂಜುವಿನ ನಡಿಗೆ ಬೇರೆ ತರಹ. ಜೀವದ ಗೆಳೆಯ ಮಹೇಶ ಗಾಲಿಕುರ್ಚಿಯಲ್ಲಿದ್ದಾನೆ. ತರಗತಿಯ ನೋಟ್‌ಬುಕ್‌ಗಳು ಕಾಣೆಯಾಗಿ ಅನುಮಾನ ನಂಜುವಿನ ಮೇಲೆ ಬೀಳುತ್ತದೆ. ಕಥೆಯುದ್ದಕ್ಕೂ ಬಗೆಹರಿಯಬೇಕಾದುದು ಆ ಕಳ್ಳತನ, ನಂಜುವಿನ ಕಾಲಲ್ಲ.