ಗಾಳಿಯ ಮೇಲೆ ನಿಂತ ಬಂಡಿ

ತಂಗುದಾಣಕ್ಕೆ ಬಂದು ನಿಂತ ಬಸ್ಸು ಹುಸ್ಸೆಂದು ಸದ್ದುಮಾಡಿ, ಬಾಗಿಲಿರುವ ಮಗ್ಗುಲನ್ನು ಮೆಲ್ಲನೆ ನೆಲದ ಕಡೆಗೆ ತಗ್ಗಿಸಿ, ವೃದ್ಧರೂ ಗರ್ಭಿಣಿಯರೂ ಊರುಗೋಲು ಹಿಡಿದವರೂ ಆಯಾಸವಿಲ್ಲದೆ ಒಳಗೆ ಕಾಲಿಡುವಂತೆ ಮಾಡುವ ಏರ್ಪಾಡು ಬೆಂಗಳೂರಿಗೆ ಬಂದದ್ದು, ಮಹಾನಗರ ಸಾರಿಗೆ ಸಂಸ್ಥೆಯು 2006ರ ಸುಮಾರಿಗೆ ವೋಲ್ವೊ ಕಂಪೆನಿಯ ತಗ್ಗು ನೆಲಗಟ್ಟಿನ ಬಸ್ಸುಗಳನ್ನು ಬೀದಿಗಿಳಿಸಿದ ಕಾಲದಲ್ಲಿ. ‘ವಜ್ರ’ ಎಂಬ ಹೆಸರಿನಿಂದ ಜನಜನಿತವಾದ ಆ ಬಸ್ಸುಗಳ ತಂಪನ್ನೂ ಅಲುಗಾಟವಿಲ್ಲದ ನಡೆಯನ್ನೂ ಮೆಚ್ಚಿದವರು ಅನೇಕರು. ಆದರೆ ಆ ನಡೆಗೂ ಈ ತಗ್ಗುವಿಕೆಗೂ ಆಧಾರವಾಗಿರುವುದು ರಬ್ಬರಿನ ಚೀಲಗಳಲ್ಲಿ ತುಂಬಿಟ್ಟ ಗಾಳಿಯೇ ಎಂಬುದನ್ನೂ, ಆ ಗಾಳಿಯನ್ನು ಹೊರಬಿಟ್ಟು ವಾಹನವನ್ನು ಇಳಿಸುವಾಗ ವಹಿಸಬೇಕಾದ ಎಚ್ಚರವು ಅದನ್ನು ಏರಿಸುವಾಗಿನ ಎಚ್ಚರಕ್ಕಿಂತ ಬಹಳ ಮಿಗಿಲಾದದ್ದೆಂಬುದನ್ನೂ ಬಲ್ಲವರು ಡಿಪೋಗಳ ಕಾರ್ಯಾಗಾರಗಳಲ್ಲಿ ಕೈ ಮಸಿಮಾಡಿಕೊಂಡ ಮೆಕ್ಯಾನಿಕ್ಕುಗಳು ಮಾತ್ರ.

ಹಳೆಯ ಬಸ್ಸು ಲಾರಿಗಳಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನು ವಾಹನದ ಭಾರವನ್ನು ಹೊರುತ್ತಿದ್ದಿತು. ಗಾಳಿಯ ಏರ್ಪಾಡಿನಲ್ಲಿ ಆ ಕಮಾನಿನ ಸ್ಥಾನವನ್ನು ಬೆಲ್ಲೋಸ್ ಅಥವಾ ಏರ್ ಬ್ಯಾಗ್ ಎಂದು ಕರೆಯುವ ದಪ್ಪ ರಬ್ಬರಿನ ಚೀಲವು ಪಡೆಯುತ್ತದೆ. ಇಷ್ಟು ಮೆತ್ತಗಿನ ವಸ್ತು ಅಷ್ಟು ದೊಡ್ಡ ಬಸ್ಸನ್ನು ಹೇಗೆ ಹೊತ್ತೀತು ಎಂದು ಸಂದೇಹಪಡುವವರು ಸಣ್ಣದೊಂದು ಗುಣಾಕಾರವನ್ನು ಮಾಡಿ ನೋಡಬಹುದು. 25 ಸೆಂಟಿಮೀಟರ್ ವ್ಯಾಸದ ವೃತ್ತಕ್ಕೆ ಸುಮಾರು 490 ಚದರ ಸೆಂಟಿಮೀಟರ್ ವಿಸ್ತೀರ್ಣವಿರುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಒತ್ತಡದ ಗಾಳಿ ಅದರ ಮೇಲೆ ವರ್ತಿಸಿದರೆ, ಒಂದೇ ಒಂದು ಚೀಲವು ಹತ್ತಿರ ಹತ್ತಿರ ಎರಡೂವರೆ ಟನ್ ಭಾರವನ್ನು ತಡೆಯಬಲ್ಲದು. ಹಿಂದಿನ ಅಚ್ಚಿಗೆ ನಾಲ್ಕು, ಮುಂದಿನದಕ್ಕೆ ಎರಡು ಚೀಲಗಳಿದ್ದರೆ ತುಂಬಿದ ಬಸ್ಸನ್ನು ಹೊರಲು ಅದು ಸಾಕು. ಗಾಳಿಯನ್ನು ಅದುಮಿದಷ್ಟೂ ಅದರ ಪ್ರತಿಭಟನೆ ಹೆಚ್ಚುತ್ತದೆಂಬ ನಿಯಮವನ್ನು ವಿಜ್ಞಾನಿ ರಾಬರ್ಟ್ ಬಾಯ್ಲ್ 1662ರಲ್ಲಿಯೇ ಪ್ರಕಟಿಸಿದ್ದನಾದರೂ, ಬಾಳಿಕೆಯುಳ್ಳ ರಬ್ಬರ್ ಚೀಲ ಸಿದ್ಧವಾಗಲು ಬಹುಕಾಲ ಹಿಡಿಯಿತು. ಅಮೆರಿಕದ ಫೈರ್‌ಸ್ಟೋನ್ ಕಂಪೆನಿ 1930ರ ದಶಕದಲ್ಲಿ ಅದನ್ನು ರೂಪಿಸತೊಡಗಿತು. 1953ರಲ್ಲಿ ಜನರಲ್ ಮೋಟಾರ್ಸಿನವರ ದೂರಪ್ರಯಾಣದ ಬಸ್ಸುಗಳಲ್ಲಿ ಅದು ನೆಲೆಗೊಂಡಿತು.

ಈ ವ್ಯವಸ್ಥೆಯ ಬುದ್ಧಿಯೆಲ್ಲ ಅಡಗಿರುವುದು ಲೆವೆಲಿಂಗ್ ವಾಲ್ವ್ ಎಂಬ ಅಂಗೈಯಗಲದ ಉಪಕರಣದಲ್ಲಿ. ಚಾಸಿಗೆ, ಎಂದರೆ ಬಸ್ಸಿನ ಅಡಿಯ ಚೌಕಟ್ಟಿಗೆ, ಬಿಗಿದ ಈ ವಾಲ್ವಿನಿಂದ ಹೊರಟ ಸಣ್ಣ ಸರಳೊಂದು ಅಚ್ಚಿಗೆ ಸೇರಿಕೊಂಡಿರುತ್ತದೆ. ಜನ ಹತ್ತಿ ಬಸ್ಸಿನ ಮೈ ತಗ್ಗಿದಾಗ ಸರಳು ಮೇಲಕ್ಕೆ ತಿರುಗಿ, ಬಸ್ಸಿನ ಟ್ಯಾಂಕಿನಲ್ಲಿ ಅದುಮಿಟ್ಟ ಗಾಳಿಯನ್ನು ಚೀಲಕ್ಕೆ ಬಿಡುತ್ತದೆ. ಜನ ಇಳಿದು ಮೈ ಏರಿದಾಗ ಕೆಳಕ್ಕೆ ತಿರುಗಿ ಹೆಚ್ಚಿನ ಗಾಳಿಯನ್ನು ಹೊರಕ್ಕೆ ಕಳೆಯುತ್ತದೆ. ಹೀಗೆ ಖಾಲಿಯಿರಲಿ ತುಂಬಿರಲಿ, ಬಸ್ಸು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಅತ್ಯಂತ ಶ್ಲಾಘ್ಯವಾದ ಈ ಗುಣವೇ ದುರಸ್ತಿಯ ಸಮಯದಲ್ಲಿ ಅಪಾಯಕ್ಕೆ ಮೂಲವಾಗುವುದುಂಟು. ಏಕೆಂದರೆ ಜಾಕಿ ಕೊಟ್ಟು ಮೈಯನ್ನು ಎತ್ತಿದವನು ಮನುಷ್ಯನೋ, ಪ್ರಯಾಣಿಕರು ಇಳಿದದ್ದರಿಂದ ಅದು ತಾನಾಗಿ ಏರಿತೋ ಎಂಬ ಭೇದ ವಾಲ್ವಿಗೆ ತಿಳಿಯದು; ಅದು ತನ್ನ ನಿಯಮದಂತೆ ಚೀಲಗಳನ್ನು ಖಾಲಿಮಾಡಿಬಿಡುತ್ತದೆ. ಆಮೇಲೆ ಜಾಕಿ ಸಡಿಲಿಸಿದವನು, ಬಸ್ಸು ಮೊದಲಿನ ಎತ್ತರದಲ್ಲಿಯೇ ನಿಂತೀತೆಂದು ನಂಬಿದ್ದರೆ, ಗೇಣುದ್ದ ಕೆಳಗಿಳಿದುಬಂದ ಚಾಸಿಯ ಅಡಿಯಲ್ಲಿ ಸಿಕ್ಕಿಬೀಳುವನು. ಸರಳಿಗೆ ಅಕಸ್ಮಾತ್ತಾಗಿ ಮೊಣಕೈ ತಗುಲಿದರೂ ಇಂಥದೇ ಅನಾಹುತ ಸಂಭವಿಸಬಲ್ಲದು.

ಆದುದರಿಂದ ಗಾಳಿಯನ್ನು ಬಿಡುವುದಕ್ಕೆ ಮುಂಚಿತವಾಗಿ, ಗಾಳಿ ಹೊತ್ತಿದ್ದ ಭಾರವನ್ನು ಇನ್ನಾವುದು ಹೊರುವುದೆಂಬುದನ್ನು ನಿಶ್ಚಯಿಸಿಕೊಳ್ಳುವುದೇ ಈ ಕುಶಲತೆಯ ಪ್ರಾಣ. ಒಳ್ಳೆಯ ಕೆಲಸಗಾರನು ಬಸ್ಸನ್ನು ಸಮತಟ್ಟಾದ ಗಟ್ಟಿನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡತುಂಡುಗಳನ್ನು ಕೊಟ್ಟು, ಎಂಜಿನ್ ಆರಿಸಿ, ಕೀಲಿಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತಾನೆ. ಅನಂತರ, ತಯಾರಕರು ಗುರುತಿಸಿಕೊಟ್ಟ ಜಾಗಗಳಲ್ಲಿಯೇ ಉಕ್ಕಿನ ಸ್ಟ್ಯಾಂಡುಗಳನ್ನಿಟ್ಟು ಚಾಸಿಯ ಭಾರವನ್ನು ಅವುಗಳಿಗೆ ಒಪ್ಪಿಸುತ್ತಾನೆ. ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಗಾಳಿ ತುಂಬಿದ ಚೀಲವನ್ನಷ್ಟೇ ನಂಬಿ ಬಸ್ಸಿನಡಿಗೆ ನುಸುಳುವುದಂತೂ, ಎಷ್ಟು ವರ್ಷಗಳ ಅನುಭವವುಳ್ಳವನಾದರೂ, ಮಾಡಬಾರದ ಕೆಲಸ. ಚೀಲ ಹರಿಯುವುದಕ್ಕೂ ಕೊಳವೆ ಕಳಚುವುದಕ್ಕೂ ಮುನ್ಸೂಚನೆಯೆಂಬುದಿಲ್ಲ. ಚೀಲವನ್ನೇ ಬಿಚ್ಚಬೇಕಾದಾಗ ಅದರೊಳಗಿನ ಒತ್ತಡವೆಲ್ಲ ಕಳೆಯುವವರೆಗೆ ಒಂದು ಬೋಲ್ಟಿಗೂ ಸ್ಪಾನರ್ ಹಾಕಬಾರದು.

ಕೆಲಸ ಮುಗಿಸಿ ಇಳಿಸುವ ಗಳಿಗೆಯಲ್ಲಿ ಆತುರಪಡುವವರೇ ಹೆಚ್ಚು. ಮೈಯನ್ನು ಎತ್ತಿದ್ದಾಗ ಅಚ್ಚು ಕೆಳಕ್ಕೆ ಜೋತುಬಿದ್ದು ಚೀಲವು ಹಿಗ್ಗಿರುತ್ತದೆ. ಒಳಗೆ ಗಾಳಿಯಿಲ್ಲದಿದ್ದರೆ ರಬ್ಬರು ಒಳಮುಖವಾಗಿ ಕುಸಿದು ಅಡ್ಡಾದಿಡ್ಡಿಯಾಗಿ ಮಡಚಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಭಾರವನ್ನು ಇಳಿಸಿದರೆ ಮಡಿಕೆಯು ಲೋಹದ ತಟ್ಟೆಗಳ ನಡುವೆ ಸಿಕ್ಕಿ, ಅಂದಲ್ಲದಿದ್ದರೆ ಮುಂದೆಂದೋ ದಾರಿಯ ನಡುವೆ ಹರಿಯುತ್ತದೆ. ಆದಕಾರಣ ಚೀಲಕ್ಕೆ ಸ್ವಲ್ಪ ಗಾಳಿಯನ್ನು ತುಂಬಿಸಿ, ಅದು ತನ್ನ ಆಕಾರಕ್ಕೆ ಬಂದುದನ್ನು ಪಕ್ಕದಲ್ಲಿ ನಿಂತು ಟಾರ್ಚಿನ ಬೆಳಕಿನಲ್ಲಿ ಕಂಡು ಖಚಿತಪಡಿಸಿಕೊಂಡು, ಬಳಿಕ ಜಾಕಿಯನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುವುದು ಕ್ರಮ. ಆಗ ಕೈಯಾಗಲಿ ತಲೆಯಾಗಲಿ ಚಕ್ರಕ್ಕೂ ಅದರ ಮೇಲಿನ ಬಸ್ಸಿನ ಮೈಗೂ ನಡುವಿನ ಸಂದಿಯಲ್ಲಿ ಇರಕೂಡದು. ಇಳಿಸುವವನ ಕಣ್ಣಿಗೆ ಬೀಳದ ಮಗ್ಗುಲಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೂಗಿ ಕೇಳಿ ಉತ್ತರ ಪಡೆಯುವುದು ಅನಗತ್ಯವೆಂದು ತೋರಬಹುದು; ಗದ್ದಲ ತುಂಬಿದ ಕಾರ್ಯಾಗಾರಗಳಲ್ಲಿ ಅದಕ್ಕಿಂತ ಅಗತ್ಯವಾದದ್ದು ಇನ್ನೊಂದಿಲ್ಲ.

ತಂಗುದಾಣದಲ್ಲಿ ಚಾಲಕನು ಗುಂಡಿಯೊತ್ತಿ ಮಾಡುವ ತಗ್ಗಿಸುವಿಕೆ ಇಷ್ಟು ಗಂಡಾಂತರದ್ದಲ್ಲ. ನೆಲದಿಂದ ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿರುವ ನೆಲಗಟ್ಟು ಕೆಲವೇ ಸೆಂಟಿಮೀಟರ್ ತಗ್ಗುತ್ತದೆ. ಆದರೂ ಬಸ್ಸು ಪೂರ್ಣವಾಗಿ ನಿಂತಿರಬೇಕು. ಕಾಲುದಾರಿಯ ಅಂಚು ಬಸ್ಸಿನ ಮೈಯಡಿಗೆ ಬರದಂತೆ, ಅದರಿಂದ ಬಹಳ ದೂರವೂ ಉಳಿಯದಂತೆ, ಅದಕ್ಕೆ ಸಮಾನಾಂತರವಾಗಿ ನಿಂತಿರಬೇಕು. ಅಂಚುಗಲ್ಲು ಒಂದು ಕಡೆ ಮೊಣಕಾಲೆತ್ತರ, ಇನ್ನೊಂದು ಕಡೆ ನೆಲಸಮ ಎಂಬಂತಿರುವ ನಮ್ಮ ಬೀದಿಗಳಲ್ಲಿ ಇದು ಚಾಲಕನೊಬ್ಬನಿಂದ ಸಾಧ್ಯವಾಗುವ ಕೆಲಸವಲ್ಲ. ತಂಗುದಾಣವನ್ನು ಕಟ್ಟುವ ಎಂಜಿನಿಯರು ಬಸ್ಸಿನ ನೆಲಗಟ್ಟಿನ ಎತ್ತರವನ್ನು ಅರಿತು ಕಟ್ಟಬೇಕು. ಗಾಲಿಕುರ್ಚಿಯವರನ್ನೂ ವೃದ್ಧರನ್ನೂ ಕಂಡಾಗ ಬಸ್ಸನ್ನು ತಗ್ಗಿಸುವುದು ಚಾಲಕನ ಔದಾರ್ಯಕ್ಕೆ ಬಿಟ್ಟ ಮಾತಾಗದೆ, ಬ್ರೇಕು ಹಾಕುವಷ್ಟೇ ಸಹಜವಾದ ಕರ್ತವ್ಯವಾಗಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಕಾರ್ಯಾಗಾರದಲ್ಲಿ ಇಳಿಸಿದ ಬಸ್ಸನ್ನಾದರೋ ಕೂಡಲೆ ರಸ್ತೆಗೆ ಬಿಡುವಂತಿಲ್ಲ. ಎಂಜಿನ್ ಚಾಲೂ ಮಾಡಿ, ಟ್ಯಾಂಕಿನ ಒತ್ತಡ ನಿಗದಿಯಾದ ಮಟ್ಟಕ್ಕೇರುವವರೆಗೆ ಕಾದು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದೋ ಎಂದು ನೋಡಬೇಕು. ಬಳಿಕ ಎರಡೂ ಮಗ್ಗುಲುಗಳ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು, ತಯಾರಕರ ಕೈಪಿಡಿಯ ಅಂಕಿಗೆ ತಾಳೆಯಾದ ಮೇಲೆಯೇ ಚಾಲಕನಿಗೆ ಕೀಲಿಯನ್ನು ಒಪ್ಪಿಸಬೇಕು.