ಹೆಡ್‌ಸೆಟ್ ಒಳಗೆ ಕನ್ನಡಕ ಬೇಕೆ?

ಕಳೆದ ತಿಂಗಳು ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಆತನ ತಾಯಿ ನನ್ನ ಬಳಿ ಕರೆತಂದರು. ಮೂರು ವಾರಗಳಿಂದ ಸಂಜೆಯಾದರೆ ತಲೆನೋವು. "ಡಾಕ್ಟ್ರೇ, ಒಂದ್ಸಲ ತಲೆ ಸ್ಕ್ಯಾನ್ ಮಾಡಿಸಿಬಿಡೋಣ್ವಾ?" ಎಂದರು ಆ ತಾಯಿ. ಜ್ವರವಿಲ್ಲ, ವಾಂತಿಯಿಲ್ಲ, ರಕ್ತದೊತ್ತಡ, ನರಗಳ ಪರೀಕ್ಷೆ ಎಲ್ಲವೂ ಸರಿ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಸೋದರಮಾವ ತಂದುಕೊಟ್ಟ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಹಾಕಿಕೊಂಡು ಹುಡುಗ ದಿನವೂ ಎರಡು ಗಂಟೆ ಆಡುತ್ತಿದ್ದ. ಆಡುವಾಗ ಕನ್ನಡಕ ತೆಗೆದಿಡುತ್ತಿದ್ದ. "ಪರದೆ ಕಣ್ಣಿನ ಹತ್ರಾನೇ ಇರತ್ತಲ್ಲ ಸರ್, ನಂಗೆ ಹತ್ರದ್ದು ಚೆನ್ನಾಗೇ ಕಾಣತ್ತೆ." ಅವನ ನಂಬರ್ ಮೈನಸ್ 2.5.

ಜಾಣ ವಾದವೇ, ಆದರೆ ತಪ್ಪು. ಪರದೆ ಕಣ್ಣಿನ ಮುಂದೆ ಕೆಲವೇ ಅಂಗುಲಗಳಲ್ಲಿ ಇರುವುದು ನಿಜ. ಆದರೆ ನಡುವೆ ಇರುವ ಮಸೂರಗಳು ಚಿತ್ರವನ್ನು ದೂರಕ್ಕೆ ತಳ್ಳಿ ತೋರಿಸುತ್ತವೆ. ಬಹುಪಾಲು ಹೆಡ್‌ಸೆಟ್‌ಗಳಲ್ಲಿ ಈ ದೂರ ಸುಮಾರು 1.3ರಿಂದ 2 ಮೀಟರ್. ಕಣ್ಣಿನ ಮಟ್ಟಿಗೆ ಅದು ಕೋಣೆಯಲ್ಲಿ ಎದುರಿಗಿಟ್ಟ ಟಿ.ವಿ. ಇದ್ದ ಹಾಗೆ. ಸಮೀಪದೃಷ್ಟಿ ಉಳ್ಳವರು ನೂರನ್ನು ತಮ್ಮ ನಂಬರಿನಿಂದ ಭಾಗಿಸಿದರೆ, ಕನ್ನಡಕವಿಲ್ಲದೆ ಎಷ್ಟು ಸೆಂಟಿಮೀಟರ್‌ವರೆಗೆ ಸ್ಪಷ್ಟವಾಗಿ ಕಾಣುತ್ತದೆಂಬ ಅಂದಾಜು ಸಿಗುತ್ತದೆ. ಈ ಹುಡುಗನಿಗೆ 40. ಅದರಾಚೆ ಎಲ್ಲವೂ ಮಸುಕು. ಕಣ್ಣು ಕಿರಿದು ಮಾಡಿಕೊಂಡು ಎರಡು ಗಂಟೆ ಆಡಿದರೆ ಹಣೆ ನೋಯದೆ ಇನ್ನೇನಾದೀತು? ಮೈನಸ್ ಅರ್ಧ ನಂಬರಿನವರು ಬೇಕಾದರೆ ಕನ್ನಡಕವಿಲ್ಲದೆ ಆಡಬಹುದು.

ಚಾಳೀಸು ಹಾಕುವ ತಂದೆಯರ ಕಥೆ ಇದಕ್ಕೆ ತದ್ವಿರುದ್ಧ. ಓದಲು ಮಾತ್ರ ಪ್ಲಸ್ 1.5 ಧರಿಸುವವರು ಅದನ್ನು ಹೆಡ್‌ಸೆಟ್ ಒಳಗೂ ಹಾಕಿಕೊಂಡರೆ ಚಿತ್ರ ಮಸುಕಾಗುತ್ತದೆ. ತೆಗೆದರೆ ಸ್ಪಷ್ಟ. (ಮಗನ ಆಟಿಕೆಯನ್ನು ಅಪ್ಪಂದಿರು ಕದ್ದು ಆಡುವುದೂ ಉಂಟು!)

ಕನ್ನಡಕ ಧರಿಸಿ ಆಡುವವರಿಗೆ ಇರುವ ತೊಡಕು ಗೀರು. ಕನ್ನಡಕದ ಗಾಜು ಹೆಡ್‌ಸೆಟ್‌ನ ಮಸೂರಕ್ಕೆ ತಾಗಿ ಉಜ್ಜಿದರೆ ಎರಡೂ ಹಾಳು. 2020ರ ಕ್ವೆಸ್ಟ್ 2 ಜೊತೆಗೆ ಅಂತರ ಹೆಚ್ಚಿಸುವ ಪ್ಲಾಸ್ಟಿಕ್ ಚೌಕಟ್ಟೊಂದು ಬರುತ್ತಿತ್ತು. ಹಲವರು ಅದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. 2023ರ ಕ್ವೆಸ್ಟ್ 3ರಲ್ಲಿ ಅಂತರ ಹೊಂದಿಸುವ ಏರ್ಪಾಡು ಒಳಗೇ ಇದೆ. ಅಗಲ ಚೌಕಟ್ಟಿನ ಕನ್ನಡಕ ಒಳಗೆ ಹಿಡಿಸುವುದಿಲ್ಲ. ಮೊದಲು ಮುಂಭಾಗವನ್ನು ಕನ್ನಡಕದ ಮೇಲೆ ಮೆಲ್ಲಗೆ ಕೂರಿಸಿ, ಆಮೇಲೆ ಪಟ್ಟಿಯನ್ನು ಹಿಂದಕ್ಕೆ ಎಳೆಯಬೇಕು. ನಿಮ್ಮ ನಂಬರಿಗೆ ತಕ್ಕಂತೆ ಹೆಡ್‌ಸೆಟ್ ಒಳಗೇ ಕೂರಿಸುವ ಮಸೂರಗಳೂ ಸಿಗುತ್ತವೆ. ದಿನವೂ ಆಡುವವರಿಗೆ ಇದೇ ಮೇಲು.

ನಂಬರ್ ಸರಿಯಿದ್ದರೂ ಕಣ್ಣು ದಣಿಯುತ್ತದೆ. ಆಟದಲ್ಲಿ ವಸ್ತು ಹತ್ತಿರ ಬಂದಂತೆ ಕಂಡಾಗ ಎರಡೂ ಕಣ್ಣುಗಳು ಒಳಕ್ಕೆ ತಿರುಗುತ್ತವೆ. ಆದರೆ ಅವು ನೋಟವನ್ನು ಕೇಂದ್ರೀಕರಿಸಬೇಕಾದ ದೂರ ಬದಲಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಹೆಡ್‌ಸೆಟ್ ಕಳಚಿ ಹತ್ತು ನಿಮಿಷ ಹೊರಗೆ ನೋಡಿ. ಎರಡೆರಡಾಗಿ ಕಂಡರೆ, ಅಥವಾ ಒಂದು ಕಣ್ಣು ಮುಚ್ಚಿದಾಗಲೇ ಚೆನ್ನಾಗಿ ಕಂಡರೆ ತಡಮಾಡದೆ ನೇತ್ರವೈದ್ಯರಿಗೆ ತೋರಿಸಿ. ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಈ ಆಟಕ್ಕೆ ಇಳಿಯಬಾರದು.

ನಮ್ಮ ಹುಡುಗನನ್ನು ನೇತ್ರವೈದ್ಯರಲ್ಲಿಗೆ ಕಳಿಸಿದೆ. ನಂಬರ್ ಮೈನಸ್ 3ಕ್ಕೆ ಏರಿತ್ತು. ಹೊಸ ಕನ್ನಡಕ, ದಿನಕ್ಕೆ ಒಂದೇ ಗಂಟೆ ಆಟ. ಎರಡು ವಾರದಲ್ಲಿ ತಲೆನೋವು ನಿಂತಿತು. ಸ್ಕ್ಯಾನ್ ಬೇಕಾಗಲಿಲ್ಲ. ಹೋಗುವಾಗ ತಾಯಿಗೆ ಇನ್ನೊಂದು ಮಾತು ಹೇಳಿದೆ: ಹೆಡ್‌ಸೆಟ್ಟನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ. ಭೂತಗನ್ನಡಿ ಕಾಗದ ಸುಡುವಂತೆ ಅದರ ಮಸೂರ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.